ನೀರು ನೋಡುವ ಕೈ

ನಾವುಂದದ ಕಡಲಿಗೆ ಮಳೆಗಾಲದ ತಂಪು ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕೊರಗ ಮೊಗವೀರನ ಬಲಗೈ. ಇದು ಇಪ್ಪತ್ತೆರಡು ವರ್ಷಗಳಿಂದ ನಡೆದುಬಂದ ವ್ಯವಸ್ಥೆ. ಇದಕ್ಕೆ ಚುನಾವಣೆ ಇಲ್ಲ, ನಿವೃತ್ತಿಯೂ ಇಲ್ಲ.

ಜೂನ್, ಜುಲೈ ತಿಂಗಳಲ್ಲಿ ದೊಡ್ಡ ಬೋಟುಗಳಿಗೆ ಸರಕಾರದ ರಜೆ. ಆಗ ಕಡಲು ನಾಡದೋಣಿಯವರದು. ಹಾಗೆಂದು ಮಳೆ ಹಿಡಿದ ಕೂಡಲೇ ನುಗ್ಗುವಂತಿಲ್ಲ. ಮೊದಲು ಒಂದು ದೊಡ್ಡ ತೂಫಾನು ಬಂದು ಕಡಲನ್ನು ಕಡೆದು ಹೋಗಬೇಕು. ಆಮೇಲೆ ಗಾಳಿ ವಾಯವ್ಯಕ್ಕೆ ತಿರುಗಿ, ದಂಡೆಗುಂಟ ತೆಂಕಕ್ಕೆ ಬಿಡದೆ ಬೀಸಬೇಕು. ಹಾಗೆ ಹತ್ತು ಹನ್ನೆರಡು ದಿನ ಬೀಸಿದರೆ, ಬಿಸಿಲಿನ ಮುಖವನ್ನೇ ಕಾಣದ ತಳದ ನೀರು ಮೇಲಕ್ಕೆ ಏಳುತ್ತದೆ. ಆ ನೀರು ತಂಪು. ತಂಪಿನ ಬೆನ್ನಿಗೇ ಬೈಗೆ ಮೀನು, ತೆಂಕಲವರು ಬೂತಾಯಿ ಎನ್ನುವುದು ಇದನ್ನೇ, ದಂಡೆಯ ಹತ್ತಿರ ಹಿಂಡುಗಟ್ಟುತ್ತದೆ. ತಂಪು ಬಾರದೆ ಬಲೆ ಹೊತ್ತು ಹೋದವರು ಬಲೆಯನ್ನಷ್ಟೇ ಹೊತ್ತು ವಾಪಸು ಬರುತ್ತಾರೆ.

ಆದ್ದರಿಂದ ತೂಫಾನು ಕಳೆದ ಮೇಲೆ ದಿನಾ ಬೆಳಕು ಹರಿಯುವ ಹೊತ್ತಿಗೆ ಮೂರು ಜನ ಸಣ್ಣ ದೋಣಿಯೊಂದರಲ್ಲಿ ತೆರೆ ದಾಟಿ ಹೋಗುತ್ತಾರೆ. ಇಂಜಿನಿನ ಹತ್ತಿರ ಅನೂಪ್. ಮುಂಬೈಯ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು, ಎರಡು ಮಕ್ಕಳಾದ ಮೇಲೆ ಊರಿಗೆ ಬಂದವನು. ಯಾವುದನ್ನೂ ಒಂದೇ ಸಲಕ್ಕೆ ನಂಬುವವನಲ್ಲ. ದೋಣಿಯ ಮೂತಿಯಲ್ಲಿ ಮುತ್ತ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ನಡುವಿನ ಹಲಗೆಯ ಮೇಲೆ ಕೊರಗ. ಎಂಟು ಮಾರು ಆಳದಲ್ಲಿ ಇಂಜಿನ್ ನಿಲ್ಲಿಸಿದ ಮೇಲೆ ಅವನು ಒಂದು ಎಲೆ ಅಡಿಕೆ ಜಗಿದು ಮುಗಿಸಿ, ಅಂಗಿ ಬಿಚ್ಚಿ, ಹೆಗಲಿನವರೆಗೂ ತೋಳನ್ನು ನೀರಿಗಿಳಿಸಿ, ಕಣ್ಣು ಮುಚ್ಚುತ್ತಾನೆ. ಅಷ್ಟು ಹೊತ್ತೂ ಯಾರೂ ಮಾತಾಡುವುದಿಲ್ಲ. ಆಮೇಲೆ ಅವನು ‘ಬಂತ್’ ಎನ್ನುತ್ತಾನೆ, ಇಲ್ಲವೇ ‘ಬರ್ಲಿಲ್ಲ’ ಎನ್ನುತ್ತಾನೆ. ದಂಡೆಯಲ್ಲಿ ಕಾಯುವ ಇಪ್ಪತ್ತಮೂರು ಜನ ಆ ಒಂದು ಮಾತಿನ ಮೇಲೆ ಬಲೆ ಎತ್ತುತ್ತಾರೆ, ಇಲ್ಲವೇ ಚಾ ಕುಡಿಯಲು ಹೋಗುತ್ತಾರೆ.

ತೊಂದರೆ ಏನೆಂದರೆ, ಎರಡು ವರ್ಷಗಳಿಂದ ಆ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ.

ಅದನ್ನು ಮೊದಲು ಕಂಡದ್ದು ಹೆಂಡತಿ ಸೀತು. ಒಂದು ಬೆಳಿಗ್ಗೆ ಗಂಜಿಯ ಪಾತ್ರೆಯನ್ನು ಕೊರಗ ಬಟ್ಟೆಯಿಲ್ಲದೆ ಎತ್ತಿ ಜಗಲಿಗೆ ತಂದು, ಆರಾಮಾಗಿ ಕೆಳಗಿಟ್ಟ.

“ಹ್ವಾಯ್, ಅದ್ ಒಲಿ ಮೇಲಿಂದ ಈಗ ಇಳ್ಸದ್ದ್!” ಎಂದಳು ಸೀತು. “ನಿಮ್ಗ್ ಬಿಸಿ ಗೊತ್ತಾಯ್ಲಾ?”

“ಅಷ್ಟೆಂತ ಬಿಸಿ ಇಲ್ಲ ಮಾರಾಯ್ತಿ” ಎಂದ ಕೊರಗ. ಸಂಜೆಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಕುಂದಾಪುರದ ಡಾಕ್ಟರು ಕಾಲಿಗೂ ಕೈಗೂ ಸೂಜಿಯಂಥದ್ದನ್ನು ಚುಚ್ಚಿ, “ಗೊತ್ತಾಗ್ತದಾ?” ಎಂದು ಕೇಳುತ್ತಾ ಹೋದರು. ಕೊರಗ ಮೊದಲ ಎರಡು ಸಲ ಸತ್ಯ ಹೇಳಿ, ಮೂರನೆಯ ಸಲದಿಂದ ಅಂದಾಜಿನ ಮೇಲೆ ಹೂಂ ಎಂದ. ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ಹೋದದ್ದು ಪೂರ್ತಿ ವಾಪಸು ಬರುವುದು ಕಷ್ಟ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಮನೆಗೆ ಬಂದು ಕೊರಗ ಸೀತುವಿಗೆ ಹೇಳಿದ್ದು ಒಂದೇ ಮಾತು: “ತಂಡದವ್ರಿಗೆ ಹೇಳ್ಬೇಡ.”

ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬಲೆ ಎಳೆಯುವ ಬಲ ಅವನ ರಟ್ಟೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು. ದೋಣಿಯ ನಡುವಿನ ಹಲಗೆ ಅವನಿಗೆ ಉಳಿದದ್ದು ಕೈಯ ದೆಸೆಯಿಂದ. ಕೈ ಹೋದರೆ ಹಲಗೆಯೂ ಹೋಯಿತು. ಆಮೇಲೆ ದಂಡೆಯಲ್ಲಿ ಕೂತು, ಬಂದ ದೋಣಿಗಳಿಗೆಲ್ಲ ಬುದ್ಧಿ ಹೇಳುವ ಮುದುಕರ ಸಾಲಿಗೆ ಸೇರಬೇಕು. ಆ ಸಾಲಿನಲ್ಲಿ ಜಾಗ ಯಾವಾಗಲೂ ಇರುತ್ತದೆ. ಯಾರೂ ಹೋಗಲು ಅವಸರಪಡುವುದಿಲ್ಲ.

ಮೊದಲ ವರ್ಷ ತೊಂದರೆಯಾಗಲಿಲ್ಲ. ಗಾಳಿಯ ದಿನ ಎಣಿಸಿ ‘ಬಂತ್’ ಎಂದ, ನಿಜವಾಗಿ ಬಂದಿತ್ತು. ಕಳೆದ ವರ್ಷ ಗಾಳಿ ಎರಡು ದಿನ ಬೀಸಿ ಒಂದು ದಿನ ಮಲಗಿ ಆಟವಾಡಿತು. ಲೆಕ್ಕ ತಪ್ಪಿತು. ತೋಳನ್ನು ಬಿಟ್ಟು ಕೆನ್ನೆಗೆ ನೀರು ಹಚ್ಚಿ ನೋಡಿದ. ಮಳೆಯಲ್ಲಿ ನೆನೆದ ಕೆನ್ನೆ ಎಲ್ಲವನ್ನೂ ತಂಪೆಂದೇ ಹೇಳುತ್ತದೆ, ಓಟು ಕೇಳಲು ಬಂದವರಿಗೆಲ್ಲ ಹೂಂ ಎನ್ನುವ ಹಾಗೆ. ಕಡೆಗೆ ಅವನಿಗೆ ಹೊಳೆದದ್ದು ಮನೆಯ ದೇವರ ಗೂಡಿನ ಪಕ್ಕದಲ್ಲಿದ್ದ ಜ್ವರ ನೋಡುವ ಗಾಜಿನ ಕಡ್ಡಿ. ಅದನ್ನು ಮುಷ್ಟಿಯೊಳಗೆ ಅಡಗಿಸಿ ತೋಳನ್ನು ನೀರಿಗಿಳಿಸಿದ. ಟವೆಲಿನಿಂದ ಕೈ ಒರೆಸುವ ನೆವದಲ್ಲಿ ಕದ್ದು ನೋಡಿದ. ಪಾದರಸ ಬುಡದಿಂದ ಒಂದು ಕೂದಲೆಳೆಯಷ್ಟೂ ಮೇಲೇರಿರಲಿಲ್ಲ. ಅಬ್ಬ, ಎಂಥ ತಂಪು!

“ಬಂತ್” ಎಂದ ಕೊರಗ.

ಆ ಕಡ್ಡಿಯ ಲೆಕ್ಕ ಶುರುವಾಗುವುದೇ ತೊಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನಿಂದ. ನಾವುಂದದ ಕಡಲು ಮೇ ತಿಂಗಳ ಉರಿಯಲ್ಲೂ ತೊಂಬತ್ತನ್ನು ಮುಟ್ಟುವುದಿಲ್ಲ. ಕಡಲಿಗೆ ಜ್ವರವಿಲ್ಲ ಎಂದಷ್ಟೇ ಪಾದರಸ ಹೇಳಿತ್ತು; ಮಿಕ್ಕದ್ದನ್ನು ಕೊರಗ ಸೇರಿಸಿಕೊಂಡಿದ್ದ. ಎಂಟು ದಿನ ಇಪ್ಪತ್ತಾರು ಜನ ಬಲೆ ಹಾಕಿದರು. ಎಂಟು ದಿನವೂ ಬಲೆಯಲ್ಲಿ ಬಂದದ್ದು ಕಸ ಮತ್ತು ಲೋಳೆ ಮೀನು.

ಆದರೆ ಯಾರೂ ಕೈಯನ್ನು ದೂರಲಿಲ್ಲ. ದೂರಿದ್ದು ಕಡಲನ್ನು. ಒಬ್ಬ ಪತ್ರಿಕೆಯವನು ಬೈಕಿನಲ್ಲಿ ಬಂದು, ಕೊರಗ ಕೈ ಎತ್ತಿ ನಿಂತ ಫೋಟೋ ತೆಗೆದು, ‘ಹಿರಿಯ ಕೈಗೂ ಸಿಗದ ಕಡಲು: ಹವಾಮಾನ ಬದಲಾವಣೆಯ ಹೊಡೆತ’ ಎಂದು ಬರೆದ. ಫೋಟೋದಲ್ಲಿ ಕೊರಗ ಠೇವಣಿ ಕಳೆದುಕೊಂಡ ಅಭ್ಯರ್ಥಿಯಂತೆ ಕಾಣುತ್ತಿದ್ದ. ಅರಬ್ಬೀ ಸಮುದ್ರ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿರುವುದು ನಿಜವೇ. ಆದರೆ ಆ ನಿಜಕ್ಕೆ ನಾವುಂದ ಇರುವ ಬೈಂದೂರು ತಾಲೂಕಿನಿಂದ ಹೋದ ಸಾಕ್ಷಿ ಮಾತ್ರ ಸುಳ್ಳು.

ಈ ವರ್ಷ ಮೊಮ್ಮಗಳು ಮೋಕ್ಷಿತಾ ನಿಜವಾದ ಥರ್ಮಾಮೀಟರು ತಂದಳು. ಅವಳು ಕುಂದಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವವಳು, ಪ್ರಾಜೆಕ್ಟಿಗೆ ನಾವುಂದದ ಕಡಲನ್ನೇ ಆರಿಸಿಕೊಂಡಿದ್ದಳು. ಪುಸ್ತಕದಲ್ಲಿ ಎರಡು ಸಾಲು ಗೆರೆ ಎಳೆದಿದ್ದಳು. ಒಂದರಲ್ಲಿ ಥರ್ಮಾಮೀಟರಿನ ಲೆಕ್ಕ, ಇನ್ನೊಂದರಲ್ಲಿ ಅಜ್ಜಯ್ಯನ ಕೈಯ ಲೆಕ್ಕ.

“ಅಜ್ಜಯ್ಯ, ತಂಪ್ ನೀರ್ ಮೇಲ್ ಬಪ್ಪುದ್ ಎಂತಕ್ಕೆ ಗೊತ್ತಿತ್ತಾ?” ಎಂದು ಜಗಲಿಯಲ್ಲಿ ಕೂತು ಕೇಳಿದಳು.

“ಗಾಳಿ ಬೀಸಿದ್ದಕ್ಕೆ.”

“ಗಾಳಿ ತೆಂಕಕ್ಕೆ ಬೀಸ್ತ್. ಆದ್ರೆ ಮೇಲಿನ ನೀರ್ ತೆಂಕಕ್ಕೇ ಹೋತಿಲ್ಲ. ಭೂಮಿ ತಿರುಗೂದಲ್ದಾ? ಅದಕ್ಕೆ ನೀರ್ ಗಾಳಿಯ ಬಲಗಡಿಗ್ ವಾಲಿ ಪಡುವಣಕ್ಕೆ ಸರಿತ್. ದಂಡಿ ಹತ್ರ ಜಾಗ ಖಾಲಿ ಆತ್. ಆ ಜಾಗಕ್ಕೆ ಅಡಿಯ ನೀರ್ ಏಳ್ತ್.”

“ಭೂಮಿ ತಿರುಗೂದ್ ನಮ್ ನಾವುಂದಕ್ಕೂ ಲೆಕ್ಕಕ್ಕಿತ್ತಾ?”

“ಎಲ್ಲಾ ಕಡಿಗೂ ಇತ್ತ್ ಅಜ್ಜಯ್ಯ.”

“ಹಂಗಾರೆ ಅಡ್ಡಿಲ್ಲ” ಎಂದ ಕೊರಗ. ಇಷ್ಟು ವರ್ಷ ಭೂಮಿ ತನ್ನ ಕೈಯ ಪರವಾಗಿಯೇ ತಿರುಗಿದೆ ಎಂಬುದು ಅವನಿಗೆ ಒಪ್ಪಿಗೆಯಾಯಿತು.

ಥರ್ಮಾಮೀಟರು ದೋಣಿಯಲ್ಲಿ ಅವನ ಮೊಣಕಾಲಿನ ಹತ್ತಿರವೇ ಇರುತ್ತಿತ್ತು; ಎರಡು ಲೆಕ್ಕವನ್ನೂ ದಂಡೆಗೆ ಬಂದು ಮೊಮ್ಮಗಳಿಗೆ ಒಪ್ಪಿಸುವವನು ಅವನೇ. ಮೊದಲು ಅದನ್ನು ಮುಳುಗಿಸುವುದು, ಓರೆಗಣ್ಣಿನಲ್ಲಿ ಓದುವುದು, ಆಮೇಲೆ ತೋಳು ಇಳಿಸಿ ಕಣ್ಣು ಮುಚ್ಚಿ, ಓದಿದ್ದನ್ನು ಕೈಯ ಬಾಯಿಂದ ಹೇಳಿಸುವುದು. ಎಂಟು ದಿನ ಪುಸ್ತಕದ ಎರಡೂ ಸಾಲುಗಳು ಅವಳಿ ಮಕ್ಕಳ ಹಾಗೆ ಹೊಂದಿಕೊಂಡವು. ಮೋಕ್ಷಿತಾಳ ಸಂತೋಷ ಹೇಳತೀರದು. ‘ಯಂತ್ರಕ್ಕೆ ಸಮನಾದ ಕೈ’ ಎಂದು ತಲೆಬರಹ ಕೂಡ ಬರೆದಿಟ್ಟಿದ್ದಳು. ಅದನ್ನು ಅವಳು ಓದಿ ಹೇಳಿದಾಗ ಸೀತು ಒಳಗಿನಿಂದ, “ಹೌದ್ ಹೌದ್, ಭಾರೀ ಕೈ” ಎಂದಳು. ಕೊರಗ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಒಂಬತ್ತನೆಯ ದಿನ ದೋಣಿ ಎಂಟು ಮಾರು ಆಳದಲ್ಲಿ ನಿಂತಿತು. ಗಾಳಿ ವಾಯವ್ಯದ್ದೇ. ಹನ್ನೊಂದು ದಿನದಿಂದ ಒಂದು ಗಳಿಗೆಯೂ ಮಲಗಿರಲಿಲ್ಲ. ದೂರದಲ್ಲಿ ನೀರುಕಾಗೆಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದವು. ಎಲ್ಲ ಲಕ್ಷಣವೂ ಇತ್ತು. ಥರ್ಮಾಮೀಟರು ಮಾತ್ರ ಇಪ್ಪತ್ತೆಂಟೂವರೆ ಡಿಗ್ರಿ ಸೆಲ್ಸಿಯಸ್ ಎಂದಿತು. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ.

ಕೊರಗ ನೀರಿನ ಬಣ್ಣ ನೋಡಿದ. ಕೆಂಪು ಚಾ. ಘಟ್ಟದಲ್ಲಿ ವಾರವಿಡೀ ಮಳೆ ಹೊಯ್ದು ಹೊಳೆಗಳೆಲ್ಲ ತುಂಬಿ ಕಡಲಿಗೆ ಸುರಿದಿದ್ದವು. ಹೊಳೆಯ ನೀರು ಹಗುರ. ಅದು ಉಪ್ಪುನೀರಿನೊಂದಿಗೆ ಸುಲಭಕ್ಕೆ ಬೆರೆಯುವುದಿಲ್ಲ. ಹಾಲಿನ ಮೇಲಿನ ಕೆನೆಯಂತೆ ಮೇಲೆಯೇ ಹರಡಿ ಕೂರುತ್ತದೆ. ಅದರ ಅಡಿಯಲ್ಲಿ ತಂಪು ಬಂದು ನಿಂತಿದ್ದರೂ ಮೇಲಿನವರಿಗೆ ಸುದ್ದಿ ತಿಳಿಯುವುದಿಲ್ಲ. ಥರ್ಮಾಮೀಟರಿಗೆ ದಾರ ಕಟ್ಟಿ ಆಳಕ್ಕೆ ಬಿಟ್ಟ. ಎಳೆದು ಮೇಲೆ ತರುವಷ್ಟರಲ್ಲಿ ಅದು ಮೇಲಿನ ನೀರಿನ ಮಾತನ್ನೇ ಆಡಿತು. ಕೈ ಸರಿಯಿದ್ದ ಕಾಲದಲ್ಲಿ ಇಂಥ ದಿನ ಕೊರಗ ದೋಣಿಯ ಅಂಚು ಹಿಡಿದು ಇಡೀ ಮೈಯನ್ನೇ ನೀರಿಗೆ ಇಳಿಬಿಡುತ್ತಿದ್ದ. ಎದೆಗೆ ಬಿಸಿ, ಹೊಟ್ಟೆಗೆ ಬಿಸಿ, ಪಾದಕ್ಕೆ ತಂಪು ಎಂದರೆ ಕೆನೆ ಎಷ್ಟು ದಪ್ಪವೆಂದು ಗೊತ್ತಾಗುತ್ತಿತ್ತು. ಈಗ ಪಾದ ಕೈಗಿಂತ ಮೊದಲೇ ಸತ್ತಿತ್ತು.

‘ಬರ್ಲಿಲ್ಲ’ ಎಂದರೆ ಮುಗಿಯಿತು. ಪುಸ್ತಕದ ಸಾಲು ಹೊಂದುತ್ತದೆ, ಹಲಗೆ ಉಳಿಯುತ್ತದೆ. ಮೀನು ಹೋದರೆ ಹವಾಮಾನದ ಹೆಸರಿನಲ್ಲಿ ಹೋಗುತ್ತದೆ. ಕೊರಗ ಬಾಯಿ ತೆರೆದ. ಮತ್ತೆ ನೀರುಕಾಗೆಗಳ ಕಡೆ ನೋಡಿದ.

“ಅನೂಪಾ, ಒಂಚೂರ್ ನೀರಿಗ್ ಇಳಿ, ಕಾಂಬ.”

“ಎಂತಕ್ಕೆ?” ಎಂದ ಅನೂಪ್. “ನಿಮ್ ಕೈ ಇತ್ತಲೆ.”

“ಕೈ ಇತ್ತ್. ಗೊತ್ತಾತಿಲ್ಲ.”

“ಎಂತ ಗೊತ್ತಾತಿಲ್ಲ?”

“ಬಿಸಿಯೂ ಇಲ್ಲ, ತಂಪೂ ಇಲ್ಲ. ಎರಡ್ ವರ್ಷ ಆಯ್ತ್.”

ದೋಣಿ ಒಂದು ತೆರೆಯ ಮೇಲೆ ಏರಿ ಇಳಿಯಿತು. ಅನೂಪ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. “ಹಂಗಾರೆ ಹೋದ್ ವರ್ಷದ ಎಂಟ್ ದಿನ?”

“ಜ್ವರದ ಕಡ್ಡಿ ಮುಳ್ಗಿಸಿ ಹೇಳದ್ದ್.”

ಮುತ್ತ ನಕ್ಕುಬಿಟ್ಟ. ಹದಿನೈದು ವರ್ಷದಲ್ಲಿ ಅವನು ದೋಣಿಯಲ್ಲಿ ನಕ್ಕದ್ದನ್ನು ಇಬ್ಬರೂ ಕಂಡಿರಲಿಲ್ಲ. ಅನೂಪನಿಗೆ ನಗು ಬರಲಿಲ್ಲ. ಅವನು ಅಂಗಿ ಬಿಚ್ಚಿ ಹಲಗೆಯ ಮೇಲೆ ಎಸೆದು, ಅಂಚು ಹಿಡಿದು ನೀರಿಗಿಳಿದ.

“ಎದೆಗೆ ಹ್ಯಾಂಗಿತ್ತ್?” ಎಂದ ಕೊರಗ.

“ಬಿಸಿ.”

“ಹೊಟ್ಟಿಗೆ?”

“ಅದೇ.”

“ಕೈ ಉದ್ದ ಬಿಡ್. ಇನ್ನೂ ಕೆಳಗ್. ಈಗ ಪಾದಕ್ಕೆ?”

ಅನೂಪನ ಗಲ್ಲ ನೀರು ಮುಟ್ಟಿತ್ತು. ಅವನ ಹುಬ್ಬು ಮೇಲೇರಿತು. “ತಂಪ್ ಇತ್ತ್! ಬೆರಳಿಗ್ ಮಾತ್ರ. ಫ್ರಿಜ್ಜಿನ ಬಾಗ್ಲ್ ತೆಗ್ದಂಗೆ.”

“ಬಾವಿ ನೀರಿನ ತಂಪಾ, ಮಡಕಿ ನೀರಿನ ತಂಪಾ?”

“ನಮ್ ಮನ್ಯಗ್ ಮಡಕಿ ಎಲ್ಲಿತ್ತ್ ಮಾರಾಯ್ರೆ!”

ಇದು ಕೊರಗ ಯೋಚಿಸಿರದ ತೊಡಕು. ತಂಪು ಎಷ್ಟು ಗಟ್ಟಿ ಎಂಬುದನ್ನು ಇಷ್ಟು ವರ್ಷ ಅವನು ಅಳೆದದ್ದೇ ಆ ಎರಡು ತಂಪುಗಳಿಂದ.

ದಂಡೆಗೆ ಬಂದ ಮೇಲೆ ಅವನೇ ಎಲ್ಲರೆದುರು ಹೇಳಿದ. ತಂಪು ಅಡಿಯಲ್ಲಿದೆ, ಮೇಲೆ ಹೊಳೆಯ ನೀರು ಮುಚ್ಚಿದೆ, ತಂಪು ಮೇಲೇಳುವವರೆಗೆ ಮೀನು ಹಿಂಡುಗಟ್ಟದು, ಈ ಹೊತ್ತು ಬಲೆ ಬೇಡ ಎಂದ. ಆಮೇಲೆ ತನ್ನ ಕೈಯ ವಿಷಯವನ್ನೂ ಹೇಳಿದ. ಜ್ವರದ ಕಡ್ಡಿಯ ಕಥೆಯನ್ನು ಬಿಡುವ ಮನಸ್ಸಿತ್ತು. ಅನೂಪ್ ಪಕ್ಕದಲ್ಲೇ ನಿಂತಿದ್ದುದರಿಂದ ಅದನ್ನೂ ಹೇಳಿದ. ತಂಡದಲ್ಲಿ ನಾಲಿಗೆ ಚುರುಕಿನವನು ಕುಷ್ಟ. ಅವನು ಬಲೆಯ ರಾಶಿಯ ಮೇಲಿಂದ ಎದ್ದು ನಿಂತು, “ಅಂದ್ರೆ ಎಂಟ್ ದಿನ ನಾವ್ ಸಮುದ್ರಕ್ಕೆ ಕ್ರೋಸಿನ್ ಕೊಡುಕೆ ಹೋದದ್ದಾ?” ಎಂದ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ. ನಗದವರನ್ನು ನೋಡುವುದು ಕೊರಗನಿಗೆ ಕಷ್ಟವಾಯಿತು.

ಮೋಕ್ಷಿತಾ ಪುಸ್ತಕ ಹಿಡಿದು ನಿಂತಿದ್ದಳು. “ಈ ವರ್ಷದ ಎಂಟ್ ದಿನದ್ದೂ ಥರ್ಮಾಮೀಟರ್ ಓದಿ ಹೇಳದ್ದಾ ಅಜ್ಜಯ್ಯ?” ಎಂದು ಮೆಲ್ಲಗೆ ಕೇಳಿದಳು.

“ಹೌದ್.”

ಅವಳು ಎರಡನೆಯ ಸಾಲನ್ನು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಅಳಿಸುವ ರಬ್ಬರು ಕೈಯಲ್ಲಿದ್ದರೂ ಅಳಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಯಾರೂ ಕರೆಯಲು ಬರಲಿಲ್ಲ. ಕೊರಗ ಎದ್ದು ಮುಖ ತೊಳೆದು ಜಗಲಿಯಲ್ಲಿ ಕೂತ. ದೋಣಿಯ ಇಂಜಿನ್ ಶುರುವಾದದ್ದು ಕೇಳಿತು, ತೆರೆ ದಾಟಿದ್ದು ಕೇಳಿತು. ಶಬ್ದ ಸಣ್ಣದಾಯಿತು. ಸೀತು ಚಾ ತಂದಿಟ್ಟು, “ಬಿಸಿ ಇತ್ತ್. ಗೊತ್ತಾತಿಲ್ಲ ಅಂದೇಳಿ ಗುಟುಕ್ಸಬೇಡಿ” ಎಂದಳು.

“ಎಲ್ಲಾ ಹೇಳಿ ಆಯ್ತಲೆ. ಇನ್ನೆಂತಕ್ಕೆ ಚುಚ್ಚುದ್?”

“ನಾನ್ ಎರಡ್ ವರ್ಷ ಬಾಯ್ ಮುಚ್ಕಂಡ್ ಇದ್ದೆ. ಈಗ ಒಂದ್ ವಾರ ಆದ್ರೂ ಚುಚ್ಚುಕೆ ಬಿಡಿ” ಎಂದಳು ಅವಳು. ನ್ಯಾಯವೆನಿಸಿ ಕೊರಗ ಚಾ ಆರುವುದನ್ನು ಕಾದ.

ಒಂಬತ್ತು ಗಂಟೆಯ ಹೊತ್ತಿಗೆ ಬೇಲಿಯಾಚೆ ಕೂಗು ಕೇಳಿತು. “ಹ್ವಾಯ್ ಕೊರಗಣ್ಣ, ಇದ್ರ್ಯಾ?”

ಅನೂಪ್, ಮುತ್ತ, ಕುಷ್ಟ ಮೂವರೂ ಒದ್ದೆ ಬಟ್ಟೆಯಲ್ಲಿ ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ. ಸೀತು ಸಾರಿಸಿದ ಜಗಲಿಗೆ ಹೆದರಿದರೋ ಏನೋ. ವಿಷಯ ಇಷ್ಟೇ: ಮೂವರೂ ನೀರಿಗಿಳಿದಿದ್ದರು. ಅನೂಪ್ ತಂಪು ಮೊಣಕಾಲಿಗೆ ಬಂದಿದೆ ಎಂದ. ಕುಷ್ಟ ಇಲ್ಲವೇ ಇಲ್ಲ, ಪಾದಕ್ಕೂ ಇಲ್ಲ ಎಂದ. ಮುತ್ತ ಏನೂ ಹೇಳದೆ ನಾಲ್ಕು ಸಲ ಸೀನಿದ. ದಂಡೆಗೆ ಬಂದು ಒಂದು ಗಂಟೆ ಜಗಳವಾಯಿತು. ಬಲೆ ಅರ್ಧ ದೋಣಿಗೇರಿ, ಮತ್ತೆ ಕೆಳಗಿಳಿಯಿತು.

“ಕುಷ್ಟಾ, ನೀ ದೋಣಿಯ ಯಾವ ಬದಿಗ್ ಇಳ್ದದ್ದ್?” ಎಂದ ಕೊರಗ.

“ಬಡಗ್ ಬದಿಗೆ.”

“ಇಂಜಿನ್ ನಿಲ್ಸಿ ಎಷ್ಟೊತ್ತಿಗೆ?”

“ಕೂಡ್ಲೇ. ಕಾಯುಕೆ ಎಂತ ಇತ್ತ್?”

“ಇಂಜಿನ್ ಕಡದ್ ನೀರ್ ಅದ್. ಮೇಲಿಂದೂ ಕೆಳಗಿಂದೂ ಬೆರ್ಸಿ ಹಾಕ್ತ್. ನಾನ್ ಎಲಿ ಜಗೀತಿದ್ದದ್ದ್ ಶೋಕಿಗಲ್ಲ, ಅದ್ ನಿಲ್ಲೂವರಿಗೆ ಕಾಯುಕೆ.” ಕೊರಗ ಅನೂಪನ ಕಡೆ ತಿರುಗಿದ. “ನೀ?”

“ನಾನ್ ಕಡಿಗ್ ಇಳ್ದದ್ದ್. ನೀರ್ ಸುಮ್ನಾಯ್ದಿತ್ತ್.”

“ಮೊಣಕಾಲಿಗೆ ತಂಪ್ ಮೆಲ್ಲ ಬಂತಾ, ಗೆರಿ ಹಾಕ್ದಂಗೆ ಬಂತಾ?”

ಅನೂಪ್ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಗೆರಿ ಹಾಕ್ದಂಗೆ.”

“ನಾಲಿಗಿಗೆ ಉಪ್ಪು?”

“ಮೇಲಿಂದಾ? ನಿನ್ನಿಗಿಂತ ಹೆಚ್ಚ್.”

ಒಳಗಿನಿಂದ ಮೋಕ್ಷಿತಾ ಪುಸ್ತಕ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳು ಉತ್ತರಗಳನ್ನಲ್ಲ, ಕೊರಗನ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದಳು. ಕೊರಗ ಇನ್ನೂ ಏಳೆಂಟು ಕೇಳಿದ. ಗಾಳಿ ಎಷ್ಟು ಹೊತ್ತಿಗೆ ಬಿಗಿಯಾಯಿತು, ನಿನ್ನೆ ಸಂಜೆ ಘಟ್ಟದ ಮೇಲೆ ಮೋಡವಿತ್ತೇ, ಹೊಳೆಯ ಬಾಯಿಯಲ್ಲಿ ನೊರೆ ಯಾವ ಕಡೆ ಹೋಗುತ್ತಿತ್ತು. ಕೆಲವಕ್ಕೆ ಮೂವರಿಗೂ ಉತ್ತರ ಗೊತ್ತಿರಲಿಲ್ಲ. ನೋಡಿದ್ದರು, ಆದರೆ ಕೇಳುತ್ತಾರೆಂದು ತಿಳಿಯದೆ ನೋಡಿದ್ದರು. ಕಡೆಯದಕ್ಕೆ ಮುತ್ತ ಬಾಯಿ ಬಿಟ್ಟ. “ನೊರಿ ಸೀದಾ ಪಡುವಣಕ್ಕೆ.”

“ಹಂಗಾರೆ ಹೊಳಿ ನೀರನ್ನೂ ಗಾಳಿ ಹೊರಗ್ ದಬ್ತಾ ಇತ್ತ್” ಎಂದ ಕೊರಗ. “ನಾಳಿಗೆ ಸೊಂಟಕ್ಕೆ ಬತ್ತ್. ಬಲಿ ಏರ್ಸಿ.”

“ಖಂಡಿತವಾ?” ಎಂದ ಕುಷ್ಟ.

“ಖಂಡಿತ ಇಲ್ಲ. ನನ್ ಮೈಯಂಗ್ ಕಂಡದ್ದಾದ್ರೆ ಖಂಡಿತ ಅಂತಿದ್ದೆ. ಇದ್ ನಿಮ್ ಮೂರ್ ಜನದ ಮೈಯಂಗ್ ಕಂಡದ್ದ್.”

ಕುಷ್ಟ ತಲೆ ಕೆರೆದುಕೊಂಡ. ಅನೂಪ್ ಅಂಗಳದ ಮಣ್ಣನ್ನು ಕಾಲಿನಿಂದ ಗೀರುತ್ತಾ ನಿಂತಿದ್ದ. ಆಮೇಲೆ, ಬೇರೆ ಯಾರಿಗೋ ಹೇಳುವವನಂತೆ, “ನಾಳಿಗೆ ಐದ್ ಗಂಟಿಗೆ ಹೋಪ. ನೀವ್ ಬರ್ಕ್. ಅಲ್ಲೇ ಕೇಳುದಾದ್ರೆ ಅಲ್ಲೇ ನೋಡಿ ಹೇಳುಕಾತ್ತ್. ಇಲ್ಲಿಗ್ ಬಂದ್ ಪರೀಕ್ಷಿ ಕೊಡುಕೆ ನಮ್ಮಿಂದ ಆತಿಲ್ಲ” ಎಂದ. ಕಳೆದ ವರ್ಷದ ಎಂಟು ದಿನವನ್ನು ಅವನು ಮರೆತಿರಲಿಲ್ಲ. ಮರೆತೆ ಎಂದು ಹೇಳಲೂ ಇಲ್ಲ.

ಮರುದಿನ ಐದು ಗಂಟೆಗೆ ಕೊರಗ ದೋಣಿಯ ನಡುವಿನ ಹಲಗೆಯ ಮೇಲಿದ್ದ. ಬೆನ್ನ ಹಿಂದೆ ದೊಡ್ಡ ದೋಣಿ ಬಲೆ ಹೊತ್ತು, ತಂಡದ ಉಳಿದವರನ್ನು ಹೊತ್ತು ಕಾಯುತ್ತಿತ್ತು. ಇಂಜಿನ್ ನಿಂತಿತು. ಕೊರಗ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದ. ಅದು ಮುಗಿದ ಮೇಲೆ ಮೂವರೂ ಅಂಚು ಹಿಡಿದು ನೀರಿಗಿಳಿದು, ಒಣಗಲು ಹಾಕಿದ ಬಟ್ಟೆಗಳ ಹಾಗೆ ಸಾಲಾಗಿ ಜೋತುಬಿದ್ದರು.

“ಸೊಂಟಕ್ಕಿತ್ತ್” ಎಂದ ಅನೂಪ್.

“ನಂಗೂ” ಎಂದ ಕುಷ್ಟ, ಹಲ್ಲು ಕಡಿಯುತ್ತಾ. “ದೋಣಿ ಹತ್ತುದಾ ಇನ್ನ್?”

ಮುತ್ತ ತಲೆಯಾಡಿಸಿದ.

“ಬಂತ್” ಎಂದು ಕೊರಗ ದೊಡ್ಡ ದೋಣಿಗೆ ಕೂಗಿ ಹೇಳಿದ. ಆ ಮಾತು ಹೇಳುವಾಗ ಕಣ್ಣು ಮುಚ್ಚುವ ಅಭ್ಯಾಸ ಅವನಿಗಿತ್ತು. ಈ ಸಲ ತೆರೆದೇ ಇದ್ದ. ನೀರಿನಲ್ಲಿ ಜೋತವರ ಮೂರು ಮುಖಗಳನ್ನೂ ನೋಡಬೇಕಿತ್ತು. ದೊಡ್ಡ ದೋಣಿಯಿಂದ ಬಲೆ ಸರಸರನೆ ಇಳಿಯತೊಡಗಿತು.

“ಹತ್ತುದಾ ಕೊರಗಣ್ಣ?” ಎಂದು ಕುಷ್ಟ ಮತ್ತೆ ಕೂಗಿದ. “ಚಳಿ ಆತ್ತ್!”

“ಒಂದ್ ಗಳಿಗಿ ತಡಿ” ಎಂದ ಕೊರಗ. “ಬಾವಿ ನೀರಿನ ಚಳಿಯಾ, ಮಡಕಿ ನೀರಿನ ಚಳಿಯಾ, ಅದೊಂದ್ ಹೇಳಿ ಹತ್ತ್.”